ನಗು ರದ್ದುಪಡಿಸಿ ಸ್ಟೂಲು ಕೊಡಿಸುವ ಕುರಿತು

ಇಂದ:
ನಾಲ್ಕನೇ ವ್ಯಕ್ತಿ,
(ಕೆಲಸದಲ್ಲಿ ಅಟೆಂಡರ್, ಸೇವೆ ಮೂವತ್ತೊಂದು ವರ್ಷ),
ಎರಡನೇ ಮಹಡಿಯ ಕಾರಿಡಾರು, ಗಡಿಯಾರದ ಕೆಳಗೆ, ನಿಂತ ಸ್ಥಿತಿಯಲ್ಲಿ,
ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲ್.

ಗೆ:
ಮಾನ್ಯ ಡೀನ್ ಅವರು,
ಮೂರನೇ ಮಹಡಿ, ಕಾರ್ಪೆಟ್ ಹಾಸಿರುವ ಕೋಣೆ,
ಅದೇ ಬಿಸಿನೆಸ್ ಸ್ಕೂಲ್.

ಮೂಲಕ:
ಸಿಬ್ಬಂದಿ ವರ್ತನೆಯ ಪ್ರಾಧ್ಯಾಪಕರು. (ಅರ್ಜಿ ಅವರ ಸಂಶೋಧನೆಯ ವಿರುದ್ಧವೇ ಇರುವುದರಿಂದ ಅವರು ಸಹಿ ಹಾಕಲು ಒಪ್ಪಿಲ್ಲ. ಆದ ಕಾರಣ ಅರ್ಜಿಯನ್ನು ಅವರ ಕೋಣೆಯ ಬಾಗಿಲ ಮುಂದಿನಿಂದ ಹಾಯಿಸಿಕೊಂಡು ಬರಲಾಗಿದೆ.)

ವಿಷಯ: ಅರ್ಜಿದಾರನು ಸಂತೋಷವಾಗಿದ್ದಾನೆ ಎಂಬ ಸಂಶೋಧನಾ ಫಲಿತಾಂಶವನ್ನು ರದ್ದುಪಡಿಸಿ, ಅದರ ಆಧಾರದ ಮೇಲೆ ತೆಗೆದುಹಾಕಿದ ಅರವತ್ತೆರಡು ಸ್ಟೂಲುಗಳ ಪೈಕಿ ಕನಿಷ್ಠ ಒಂದನ್ನು ಗ್ರಂಥಾಲಯದ ಬಾಗಿಲಿಗೆ ವಾಪಸು ಕೊಡಿಸುವ ಬಗ್ಗೆ.

ಉಲ್ಲೇಖ:
1. "ಆಸನರಾಹಿತ್ಯ ಮತ್ತು ಮುಗುಳ್ನಗೆ: ಕೆಳಹಂತದ ಸಿಬ್ಬಂದಿಯ ಒಂದು ಅಧ್ಯಯನ" ಎಂಬ ಪ್ರಶಸ್ತಿ ವಿಜೇತ ಪ್ರಬಂಧ.
2. ಸ್ಟೂಲುಗಳನ್ನು ಹಿಂಪಡೆಯುವ ಕುರಿತಾದ ಸುತ್ತೋಲೆ.
3. ಸಿಬ್ಬಂದಿಯ ಊಟದ ಕೋಣೆಯ ಬೆಂಚುಗಳನ್ನು ಬರುವ ಸೋಮವಾರ ಹಿಂಪಡೆಯುವ ಕುರಿತಾದ ಸುತ್ತೋಲೆ.
4. ಅರ್ಜಿದಾರನ ಹೆಂಡತಿಯ ಮೌಖಿಕ ಹೇಳಿಕೆ, ನಿನ್ನೆ ಬೆಳಿಗ್ಗೆ, ಅಡುಗೆಮನೆಯಲ್ಲಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮಲ್ಲಿ ನಿಂತುಕೊಂಡೇ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಮೊದಲಿಗೆ ಒಂದು ಸ್ಪಷ್ಟೀಕರಣ. ಈ ಅರ್ಜಿಯಲ್ಲಿ ಅರ್ಜಿದಾರನು ತನ್ನನ್ನು "ನಾನು" ಎಂದು ಎಲ್ಲಿಯೂ ಕರೆದುಕೊಂಡಿಲ್ಲ. ಕಾರಣ, ಉಲ್ಲೇಖ (1)ರ ಪ್ರಬಂಧದಲ್ಲಿ ಆತನನ್ನು ಮೂವತ್ತೆಂಟು ಸಲ "ನಾಲ್ಕನೇ ವ್ಯಕ್ತಿ" ಎಂದು ಕರೆಯಲಾಗಿದೆ, ಹೆಸರು ಒಂದು ಸಲವೂ ಬಂದಿಲ್ಲ. ಗೋಪ್ಯತೆ ಕಾಪಾಡಲು ಹಾಗೆ ಮಾಡುತ್ತಾರಂತೆ. ಆದರೆ ಅದೇ ಪ್ರಬಂಧದ ಮುಖಪುಟದ ಮೇಲೆ ಆತನ ಅಂಗೈಯಗಲದ ಬಣ್ಣದ ಫೋಟೋ ಇದೆ, ಹಲ್ಲು ಸಮೇತ. ಹೆಸರು ಮುಚ್ಚಿಟ್ಟು ಮುಖ ತೋರಿಸುವುದು ಯಾವ ಸೀಮೆಯ ಗೋಪ್ಯತೆಯೋ ತಿಳಿಯದು. ಇರಲಿ. ದೊಡ್ಡವರು ಹಾಕಿಕೊಟ್ಟ ಪದ್ಧತಿಯನ್ನು ಅರ್ಜಿದಾರನೂ ಪಾಲಿಸಿದ್ದಾನೆ.

2. ಅರ್ಜಿದಾರನ ಕೆಲಸವೇನೆಂದರೆ ಕರೆಗಂಟೆಗೆ ಓಗೊಡುವುದು, ಕಡತ ಒಯ್ಯುವುದು, ಬಂದವರಿಗೆ "ಸಾಹೇಬರು ಮೀಟಿಂಗಿನಲ್ಲಿದ್ದಾರೆ" ಎನ್ನುವುದು. ಇದಲ್ಲದೆ ಪ್ರತಿ ತಿಂಗಳ ಒಂದನೇ ತಾರೀಖು "ನಮ್ಮ ಅಧ್ಯಾಪಕರ ಇತ್ತೀಚಿನ ಸಂಶೋಧನೆಗಳು" ಎಂಬ ಹಾಳೆಗಳನ್ನು ಗಾಜಿನ ಫಲಕದೊಳಗೆ ಪಿನ್ನು ಚುಚ್ಚಿ ನಿಲ್ಲಿಸುವುದೂ ಆತನ ಪಾಲಿಗೇ ಬಂದಿದೆ. ಚುಚ್ಚುವಾಗ ಕಣ್ಣಿಗೆ ಬಿದ್ದದ್ದನ್ನು ಓದದೆ ಇರಲಾಗುವುದಿಲ್ಲ. ಸಭೆ ಉದ್ದವಾದಷ್ಟೂ ಕೂತವರಿಗೆ ನಿದ್ದೆ ಬರುತ್ತದೆ ಎಂದು ಇಬ್ಬರು ಪ್ರಾಧ್ಯಾಪಕರು ಮೂರು ವರ್ಷ ಕಷ್ಟಪಟ್ಟು ಕಂಡುಹಿಡಿದಿದ್ದಾರೆ. ಬೆಲೆ ಇಳಿದರೆ ಗಿರಾಕಿಗಳು ಹೆಚ್ಚು ಕೊಳ್ಳುತ್ತಾರೆ, "ಆದರೆ ಯಾವಾಗಲೂ ಅಲ್ಲ" ಎಂದು ಇನ್ನೊಬ್ಬರು. ಬಯ್ಯುವ ಮೇಲಧಿಕಾರಿಗಿಂತ ಬಯ್ಯದ ಮೇಲಧಿಕಾರಿಯನ್ನು ನೌಕರರು ಹೆಚ್ಚು ಇಷ್ಟಪಡುತ್ತಾರೆ ಎಂದು ತಿಳಿಯಲು ಮತ್ತೊಬ್ಬರು ವಿಮಾನ ಹತ್ತಿ ಹೋಗಿ ಬಂದರು. ಅಟೆಂಡರುಗಳ ಕೋಣೆಗೆ ಬಂದು ಕೇಳಿದ್ದರೆ ಕೈಯಲ್ಲಿನ ಚಹಾ ಆರುವುದರೊಳಗೆ ಉತ್ತರ ಸಿಗುತ್ತಿತ್ತು. ಆದರೂ ಅರ್ಜಿದಾರನು ಮೂವತ್ತೊಂದು ವರ್ಷದಲ್ಲಿ ತುಟಿ ಪಿಟಕ್ಕೆಂದವನಲ್ಲ ಎಂಬುದನ್ನು ದಾಖಲೆಗಳಿಂದ ಪರಿಶೀಲಿಸಬಹುದು.

3. ಹೀಗಿರುವಲ್ಲಿ, ಕಳೆದ ವರ್ಷ ಸಿಬ್ಬಂದಿ ವರ್ತನೆಯ ಪ್ರಾಧ್ಯಾಪಕರು ಒಂದು ಬೆಳಿಗ್ಗೆ ಅರ್ಜಿದಾರನ ಬಳಿ ಬಂದು ನಿಂತರು. ಇವರನ್ನು ಅಟೆಂಡರುಗಳು ತಮ್ಮತಮ್ಮಲ್ಲಿ ಗ್ರಾಫ್ ಸಾರ್ ಎನ್ನುತ್ತಾರೆ. ಕರವಸ್ತ್ರ ಸಿಕ್ಕರೂ ಅದರ ಮೇಲೆ ಎರಡು ಗೆರೆ ಎಳೆಯುವ ಅಭ್ಯಾಸ ಅವರದು. ಮನುಷ್ಯ ಕೆಟ್ಟವರಲ್ಲ. ಬಯ್ಯುವುದಿಲ್ಲ, ಬಾಗಿಲು ದಢಾರನೆ ಹಾಕುವುದಿಲ್ಲ. ಅದೇ ತೊಂದರೆಯಾಯಿತು.

"ನೋಡಿ, ನಿಮ್ಮ ಸ್ಟೂಲನ್ನ ಮೂರು ವಾರ ಎತ್ತಿಡ್ತೀವಿ," ಎಂದರು. "ಒಂದು ಸಣ್ಣ ಅಧ್ಯಯನ."

"ಕೂರೋದು ಹೇಗೆ ಸಾರ್?"

"ಅದನ್ನೇ ನೋಡೋದು," ಎಂದು ಅವರು ಬೆನ್ನು ತಟ್ಟಿದರು.

ಒಟ್ಟು ಐದು ಜನರನ್ನು ಆರಿಸಲಾಗಿತ್ತು. ಒಂದನೇ ವ್ಯಕ್ತಿ ಎರಡೇ ದಿನಕ್ಕೆ ರಜೆ ಹಾಕಿ ಹೋದರು. ಎರಡನೇ ವ್ಯಕ್ತಿ ಯಾರದೋ ಕೈಕಾಲು ಹಿಡಿದು ಬೇರೆ ವಿಭಾಗಕ್ಕೆ ವರ್ಗ ಮಾಡಿಸಿಕೊಂಡರು. ಮೂರನೆಯವರು ಹಳೆ ಪೇಪರಿನ ಕಟ್ಟಿನ ಮೇಲೆ ಕೂತು ಸಿಕ್ಕಿಬಿದ್ದರು. ಐದನೆಯವರು ಜಗಳ ತೆಗೆದರು. ಕೊನೆವರೆಗೆ ನಿಂತವನು ನಾಲ್ಕನೇ ವ್ಯಕ್ತಿ ಒಬ್ಬನೇ. ಆದ್ದರಿಂದ "ಅಧ್ಯಯನವನ್ನು ಪೂರ್ಣಗೊಳಿಸಿದವರಲ್ಲಿ ಶೇಕಡಾ ನೂರು ಮಂದಿ" ಎಂದು ಪ್ರಬಂಧದಲ್ಲಿ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಈತನೊಬ್ಬನೇ ಎಂದು ಓದಿಕೊಳ್ಳತಕ್ಕದ್ದು.

4. ಇನ್ನು ಹಲ್ಲಿನ ವಿಚಾರ. ಇದು ಈ ಅರ್ಜಿಯ ಜೀವಾಳವಾದ್ದರಿಂದ ಮಾನ್ಯರು ದಯವಿಟ್ಟು ಬೇಸರಿಸದೆ ಓದಬೇಕು. ಅರ್ಜಿದಾರನಿಗೆ ಎರಡು ವರ್ಷದಿಂದ ಮೇಲಿನ ಹಲ್ಲುಗಳಿರಲಿಲ್ಲ. ಆ ಕಾಲದಲ್ಲಿ ನಗು ಬಂದರೆ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದನು. ಸ್ಟೂಲು ತೆಗೆಯುವ ಸೋಮವಾರಕ್ಕೆ ಎರಡು ದಿನ ಮುಂಚೆ, ಅಂದರೆ ಶನಿವಾರ, ನಮ್ಮದೇ ವಿಶ್ವವಿದ್ಯಾಲಯದ ಹಲ್ಲಿನ ಕಾಲೇಜಿನಲ್ಲಿ ಕೊನೇ ವರ್ಷದ ವಿದ್ಯಾರ್ಥಿಯೊಬ್ಬರು ಪರೀಕ್ಷೆಗೆಂದು ತಯಾರಿಸಿದ ಸೆಟ್ಟನ್ನು ಆತನಿಗೆ ಕೂರಿಸಿದರು. ಬಿಟ್ಟಿ ಹಲ್ಲು, ಬೇಡ ಎನ್ನಲು ಬಾಯಿ ಬರಲಿಲ್ಲ. ಆದರೆ ಅಳತೆಯಲ್ಲಿ ಒಂದು ಎಳೆ ಹೆಚ್ಚಾಗಿತ್ತು. ಸೆಟ್ಟು ಹಾಕಿದರೆ ಮೇಲ್ತುಟಿ ಕೆಳತುಟಿಯನ್ನು ಮುಟ್ಟುತ್ತಿರಲಿಲ್ಲ. ಈಗಲೂ ಮುಟ್ಟುವುದಿಲ್ಲ.

"ಎರಡು ತಿಂಗಳು ತಡೀರಿ, ಬಾಯಿ ಹೊಂದಿಕೊಳ್ಳುತ್ತೆ," ಎಂದಿದ್ದರು ಆ ವಿದ್ಯಾರ್ಥಿ. ಅವರು ಪಾಸಾಗಿ ಹೋದರು. ಬಾಯಿ ಇನ್ನೂ ಹೊಂದಿಕೊಂಡಿಲ್ಲ.

5. ಪ್ರಬಂಧದ ಪ್ರಕಾರ ನೌಕರನ ಸಂತೋಷವನ್ನು ಅಳೆಯುವುದು ಹೇಗೆಂದರೆ, ಮೇಲ್ತುಟಿ ಎದ್ದು ನಾಲ್ಕಕ್ಕೆ ಕಡಿಮೆಯಿಲ್ಲದಷ್ಟು ಹಲ್ಲು ಕಂಡರೆ ಅದು ಒಂದು ನಗು. ಎಣಿಸಲು ಒಬ್ಬ ಸಂಶೋಧನಾ ವಿದ್ಯಾರ್ಥಿನಿಯನ್ನು ಕಂಬದ ಪಕ್ಕ ನಿಯೋಜಿಸಲಾಗಿತ್ತು. ಅವರ ಕೈಯಲ್ಲಿ ಒತ್ತಿದರೆ ಟಿಕ್ ಎನ್ನುವ ಒಂದು ಯಂತ್ರ. ಸ್ಟೂಲು ತೆಗೆಯುವ ಹಿಂದಿನ ವಾರ ಅವರು ಕಂಬಕ್ಕೆ ಒರಗಿ ನಿಂತು ಎಣಿಸಿದಾಗ ದಿನಕ್ಕೆ ಹನ್ನೊಂದು ನಗು ಸಿಕ್ಕಿದ್ದವು, ಅವೂ ಅಂಗೈ ಪಕ್ಕಕ್ಕೆ ಜಾರಿದಾಗ ಕಂಡ ಕೆಳಗಿನ ಹಲ್ಲಿನವು. ಸ್ಟೂಲು ಹೋದ ಮೇಲೆ ದಿನಕ್ಕೆ ಮುನ್ನೂರ ನಲವತ್ತು. ಮಧ್ಯಾಹ್ನದ ಹೊತ್ತಿಗೆ ಆ ಹುಡುಗಿಯ ಹೆಬ್ಬೆರಳು ನೋಯುತ್ತಿತ್ತು, ಪಾಪ.

ಇಲ್ಲಿ ಇನ್ನೊಂದು ಅಂಶವನ್ನೂ ತಮ್ಮ ಗಮನಕ್ಕೆ ತರಬಯಸುತ್ತಾನೆ. ಎಣಿಸುವವರಿಗೆ ಕೂರಲು ಇಲಾಖೆಯಲ್ಲಿ ಬೇರೆ ಆಸನ ಮಂಜೂರಾಗಿರಲಿಲ್ಲ. ಆದ ಕಾರಣ ಅವರಿಗೆ ಕೊಟ್ಟದ್ದು ಅರ್ಜಿದಾರನ ಸ್ಟೂಲನ್ನೇ. ಎಡಗಾಲು ಸ್ವಲ್ಪ ಮೋಟು, ಅಡಿಗೆ ರಟ್ಟು ಮಡಚಿ ಇಟ್ಟದ್ದು ಆತನೇ, ಗುರುತು ತಪ್ಪುವ ಮಾತೇ ಇಲ್ಲ. ಮೂರು ವಾರ ಆತ ತನ್ನ ಸ್ಟೂಲನ್ನು ನೋಡುತ್ತಾ ನಿಂತ, ಸ್ಟೂಲಿನ ಮೇಲಿದ್ದವರು ಆತನ ಹಲ್ಲನ್ನು ನೋಡುತ್ತಾ ಕೂತರು.

6. ಈಗ ಅರ್ಜಿದಾರನು ತನ್ನ ತಪ್ಪನ್ನು ಒಪ್ಪಿಕೊಳ್ಳುವ ಕಲಮು. ಕೊನೆಯ ದಿನ ಗ್ರಾಫ್ ಸಾರ್ ಖುದ್ದು ಬಂದು, ಹೆಗಲ ಮೇಲೆ ಕೈಯಿಟ್ಟು, "ನಿಜ ಹೇಳಿ, ಹೇಗನ್ನಿಸ್ತಿದೆ?" ಎಂದು ಕೇಳಿದರು. ಮಾನ್ಯರೇ, ಈ ಕಟ್ಟಡದಲ್ಲಿ ಮೂವತ್ತೊಂದು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕಾಲು ಮರದ ಕೊರಡಾಗಿದೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ ಎಂದು ಹೇಳಬೇಕೆಂದೇ ಬಾಯಿ ತೆರೆದದ್ದು. ಆದರೆ ಹೆಗಲ ಮೇಲೆ ಕೈ ಇತ್ತು. ಅಭ್ಯಾಸಬಲ. ಹೊರಗೆ ಬಂದದ್ದು, "ತುಂಬಾ ಚೆನ್ನಾಗಿದೆ ಸಾರ್."

ವಿದ್ಯಾರ್ಥಿನಿ ಮಾತ್ರ ತಲೆಯೆತ್ತಿ ಒಂದು ಗಳಿಗೆ ನೋಡಿದರು. "ಅಂಕಲ್, ನಿಜವಾಗ್ಲೂ?" ಎಂದರು. ಅರ್ಜಿದಾರನು ಗ್ರಾಫ್ ಸಾರ್ ಕಡೆ ನೋಡಿದನು. ತುಟಿ ತೆರೆದೇ ಇತ್ತು. ಅವರು ಟಿಕ್ ಮಾಡಿಕೊಂಡರು.

7. ಪ್ರಬಂಧ ಅಚ್ಚಾಯಿತು, ಪ್ರಶಸ್ತಿಯೂ ಬಂತು. ಸಮಾರಂಭದ ದಿನ ಸಭಾಂಗಣದ ಹಿಂದೆ ಗೋಡೆಗೆ ಒರಗಿ ಅರ್ಜಿದಾರನೂ ಚಪ್ಪಾಳೆ ತಟ್ಟಿದನು. ತನ್ನ ಫೋಟೋ ಬಾಗಿಲಿನಷ್ಟು ಎತ್ತರಕ್ಕೆ ಪರದೆಯ ಮೇಲೆ ಬಂದಾಗ ಒಳಗೊಳಗೇ ಹಿಗ್ಗಿದ್ದೂ ಉಂಟು, ಸುಳ್ಳು ಯಾಕೆ ಹೇಳಬೇಕು. ಅದಾದ ವಾರಕ್ಕೆ ಗ್ರಾಫ್ ಸಾರ್ ಅವರಿಗೆ ಹೊಸ ಕುರ್ಚಿ ಮಂಜೂರಾಯಿತು. ಪ್ರಬಂಧ ಬರೆಯುತ್ತಾ ಬೆನ್ನು ಹಿಡಿದುಕೊಂಡಿದ್ದರಿಂದ ಡಾಕ್ಟರರು ಹಾಗೆ ಸೂಚಿಸಿದ್ದರಂತೆ. ಗಾಲಿ ಇದೆ, ಕುತ್ತಿಗೆಗೆ ದಿಂಬಿದೆ, ಸೊಂಟದ ಹತ್ತಿರ ತಿರುಗಿಸುವ ಒಂದು ಗುಂಡಿಯಿದೆ. ಅಂದು ಲಿಫ್ಟ್ ಕೆಟ್ಟಿದ್ದ ಕಾರಣ ಅದನ್ನು ಎರಡನೇ ಮಹಡಿಗೆ ಹೊತ್ತದ್ದು ನಾಲ್ಕನೇ ವ್ಯಕ್ತಿ.

8. ನಂತರ ಬಂದದ್ದು ಉಲ್ಲೇಖ (2)ರ ಸುತ್ತೋಲೆ. "ಸಿಬ್ಬಂದಿಯ ಸಂತೋಷವನ್ನು ಹೆಚ್ಚಿಸುವ ದೃಷ್ಟಿಯಿಂದ" ಇಡೀ ವಿಶ್ವವಿದ್ಯಾಲಯದ ಅಟೆಂಡರುಗಳು, ಕಾವಲಿನವರು, ಲಿಫ್ಟಿನವರು ಕೂರುತ್ತಿದ್ದ ಅರವತ್ತೆರಡು ಸ್ಟೂಲುಗಳನ್ನು ಒಂದೇ ದಿನ ಹಿಂಪಡೆದು ಉಗ್ರಾಣದಲ್ಲಿ ಒಂದರ ಮೇಲೊಂದು ಪೇರಿಸಿ ಬೀಗ ಹಾಕಲಾಯಿತು. ಸುತ್ತೋಲೆಯ ಮೂಲೆಯಲ್ಲೂ ಅದೇ ಫೋಟೋ.

ಅಂದಿನಿಂದ ಅರ್ಜಿದಾರನು ಅಟೆಂಡರುಗಳ ಕೋಣೆಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ. ಲಿಫ್ಟಿನವನು, ಇಡೀ ದಿನ ಡಬ್ಬಿಯಂಥ ಜಾಗದಲ್ಲಿ ನಿಂತೇ ಇರಬೇಕಾದವನು, ಒಂದು ದಿನ ಕೈಮುಗಿದ. "ಅಣ್ಣ, ನಿನ್ನ ದಮ್ಮಯ್ಯ, ಇನ್ನೊಂದು ಸಲ ನಗಬೇಡ. ಆಮೇಲೆ ಮನೇಲೂ ಮಂಚ ತೆಗೀರಿ ಅಂತ ಸುತ್ತೋಲೆ ಬರುತ್ತೆ."

ಇದೆಲ್ಲ ತಡೆದುಕೊಳ್ಳಬಹುದಿತ್ತು. ಆದರೆ ಆ ಅರವತ್ತೆರಡರಲ್ಲಿ ಒಂದು ಗ್ರಂಥಾಲಯದ ಬಾಗಿಲಿನದು. ಅಲ್ಲಿ ಒಳಗೆ ಹೋಗುವವರ ಚೀಲ ಪಡೆದು ನಂಬರಿನ ಬಿಲ್ಲೆ ಕೊಡುವ ಕೆಲಸದಲ್ಲಿರುವವರು ಅರ್ಜಿದಾರನ ಹೆಂಡತಿ. ಆಕೆಯ ಬಲ ಮೊಣಕಾಲಿನಲ್ಲಿ ನೀರು ತುಂಬಿಕೊಂಡಿದೆ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿದೆ. ಅಷ್ಟರೊಳಗೆ ಕೆಲಸ ಬಿಟ್ಟರೆ ಪೂರ್ತಿ ಪಿಂಚಣಿ ಸಿಗುವುದಿಲ್ಲ. ಬಿಡದಿದ್ದರೆ ದಿನಕ್ಕೆ ಎಂಟು ಗಂಟೆ ಆ ಕಾಲಿನ ಮೇಲೆ ನಿಲ್ಲಬೇಕು. ಸ್ಟೂಲು ಹೋದ ಸಂಜೆ ಆಕೆ ಮನೆಗೆ ಬಂದು, ಚಪ್ಪಲಿ ಬಿಡುತ್ತಾ ಹೇಳಿದ್ದು ಒಂದೇ ಮಾತು:

"ನೀವು ಹಲ್ಲು ಕಿರಿದ್ರಿ. ನಾನು ನಿಂತ್ಕೊಂಡೆ."

ಆಮೇಲೆ ಹತ್ತೊಂಬತ್ತು ದಿನ ಆಕೆ ಗಂಡನ ಜೊತೆ ಮಾತಾಡಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಇಷ್ಟು ದೀರ್ಘ ಅವಧಿಯ ಮೌನ ಇದೇ ಮೊದಲು. ಉಪ್ಪು ಬೇಕಾದರೆ ಗೋಡೆಗೆ ಹೇಳುತ್ತಿದ್ದರು.

9. ಈ ನಡುವೆ ಅರ್ಜಿದಾರನು ಕೈಕಟ್ಟಿ ಕೂತಿರಲಿಲ್ಲ. (ಕೂರಲು ಏನಿತ್ತು.) ಸುತ್ತೋಲೆಯ ನಂತರ ಮತ್ತೆ ಶುರುವಾದ ಎಣಿಕೆಯ ಎರಡನೇ ಸುತ್ತಿನಲ್ಲಿ ಒಂದು ದಿನ ಸೆಟ್ಟನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹಾಜರಾದನು. ಅಂದು ವಿದ್ಯಾರ್ಥಿನಿಯ ಯಂತ್ರ ಒಂದು ಸಲವೂ ಟಿಕ್ ಎನ್ನಲಿಲ್ಲ. ಸೊನ್ನೆ. ಇನ್ನೇನು, ಸತ್ಯ ಹೊರಗೆ ಬಿತ್ತು ಎಂದುಕೊಂಡನು. ಆದರೆ ಆ ದಿನವನ್ನು "ಅಸಹಜ ದಿನ" ಎಂದು ಹೆಸರಿಟ್ಟು ಲೆಕ್ಕದಿಂದ ಕೈಬಿಡಲಾಯಿತು. ಹೀಗೆ ಆತ ದುಃಖದಲ್ಲಿದ್ದ ಏಕೈಕ ಅಧಿಕೃತ ದಿನವೂ ಹೋಯಿತು.

ಬೇರೆ ದಾರಿ ಕಾಣದೆ ಗ್ರಾಫ್ ಸಾರ್ ಕೋಣೆಗೇ ಹೋಗಿ ಎಲ್ಲವನ್ನೂ ಬಾಯಿಬಿಟ್ಟು ಹೇಳಿದನು. ಅವರು ಹೊಸ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿದರು.

"ಹಲ್ಲಾ? ಹಲ್ಲಿನ ವಿಷಯ ನಮ್ಮ ಮಾದರಿಯಲ್ಲೇ ಇಲ್ವಲ್ಲ."

"ನನ್ನ ಬಾಯಲ್ಲಿದೆ ಸಾರ್."

"ನೋಡಿ, ನೀವು ಸಂತೋಷವಾಗಿದ್ದೀರಿ. ನಿಮಗೆ ಗೊತ್ತಾಗ್ತಿಲ್ಲ ಅಷ್ಟೆ. ಅದಕ್ಕೂ ಒಂದು ಸಿದ್ಧಾಂತ ಇದೆ."

"ಮನೆಯವರಿಗೆ ಮೊಣಕಾಲು ಊದಿಕೊಂಡಿದೆ ಸಾರ್. ಗ್ರಂಥಾಲಯದ ಬಾಗಿಲಲ್ಲಿ..."

"ಅವರು ನಮ್ಮ ಅಧ್ಯಯನದಲ್ಲಿದ್ರಾ?"

"ಇಲ್ಲ ಸಾರ್."

"ಮತ್ತೆ?" ಎಂದು ಅವರು ಬಹಳ ಮೃದುವಾಗಿ ಕೇಳಿದರು. ಹೇಳಿದೆನಲ್ಲ, ಮನುಷ್ಯ ಕೆಟ್ಟವರಲ್ಲ. ("ಹೇಳಿದೆನಲ್ಲ" ಎಂಬುದನ್ನು "ಅರ್ಜಿದಾರನು ಹೇಳಿದನಲ್ಲ" ಎಂದು ತಿದ್ದಿಕೊಂಡು ಓದುವುದು. ಕಲಮು ಒಂದರ ನಿಯಮ ಇಲ್ಲಿ ಮುರಿದಿದೆ. ಹೊಸ ಹಾಳೆ ಇಲ್ಲ.)

10. ಕೊನೆಯದಾಗಿ, ಉಲ್ಲೇಖ (3). ಅಧ್ಯಯನದ ಮುಂದಿನ ಹಂತವಾಗಿ ಸಿಬ್ಬಂದಿಯ ಊಟದ ಕೋಣೆಯ ನಾಲ್ಕು ಬೆಂಚುಗಳನ್ನು ಬರುವ ಸೋಮವಾರ ಹೊರಗೆ ಸಾಗಿಸಲಾಗುವುದು. ಇಡೀ ದಿನದಲ್ಲಿ ಅರ್ಜಿದಾರನ ಹೆಂಡತಿ ಕಾಲು ಚಾಚಿ ಕೂರುವುದು ಆ ಬೆಂಚಿನ ಮೇಲೆ, ಊಟದ ಅರ್ಧ ಗಂಟೆ ಮಾತ್ರ. ಸುತ್ತೋಲೆಯನ್ನು ಆಕೆಗೆ ತೋರಿಸುವ ಧೈರ್ಯ ಆತನಿಗಾಗಲಿಲ್ಲ. ಆದರೆ ಗ್ರಂಥಾಲಯದ ಬಾಗಿಲಿಗೂ ಒಂದು ಪ್ರತಿ ಅಂಟಿಸಿದ್ದರು.

ನಿನ್ನೆ ಬೆಳಿಗ್ಗೆ ಆತ ಎದ್ದು ಅಡುಗೆಮನೆಗೆ ಬಂದಾಗ ಆಕೆ ತಟ್ಟೆಯನ್ನು ಎಡಗೈಯಲ್ಲಿ ಹಿಡಿದು, ಸೊಂಟವನ್ನು ಕಟ್ಟೆಗೆ ಆನಿಸಿ, ಬಲಗಾಲನ್ನು ನೆಲದಿಂದ ಒಂದಿಷ್ಟು ಎತ್ತಿಕೊಂಡು ತಿಂಡಿ ತಿನ್ನುತ್ತಿದ್ದರು. ಪಕ್ಕದಲ್ಲೇ ಕುರ್ಚಿ ಖಾಲಿ ಇತ್ತು.

"ಯಾಕೆ ನಿಂತ್ಕೊಂಡು ತಿಂತಿದ್ದೀಯ?" ಎಂದು ಆತ ಕೇಳಿದನು.

ಹತ್ತೊಂಬತ್ತು ದಿನದ ಮೇಲೆ ಆಕೆ ಬಾಯಿ ಬಿಟ್ಟರು. ಕೋಪವಿರಲಿಲ್ಲ, ಅದೇ ಕೆಟ್ಟದ್ದು.

"ಸೋಮವಾರಕ್ಕೆ ಅಭ್ಯಾಸ ಮಾಡ್ಕೊಳ್ತಿದ್ದೀನಿ."

ಅರ್ಜಿದಾರನು ಕುರ್ಚಿ ಎಳೆದುಕೊಟ್ಟನು. ಆಕೆ ಕೂರಲಿಲ್ಲ. ಆತನ ಹೊಟ್ಟೆ ಉರಿದುಹೋಯಿತು ಎಂಬುದನ್ನು ಈ ಮೂಲಕ ದಾಖಲಿಸಲಾಗಿದೆ. ಆಗಲೂ ಆತನ ಮೇಲ್ತುಟಿ ಎದ್ದೇ ಇತ್ತು, ನಾಲ್ಕಕ್ಕಿಂತ ಹೆಚ್ಚು ಹಲ್ಲು ಕಾಣುತ್ತಿದ್ದವು. ಪ್ರಬಂಧದ ಪ್ರಕಾರ ಅದೂ ಒಂದು ನಗು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ, ಮಾನ್ಯರು ದಯಮಾಡಿ:

(ಅ) ಕಲಮು ಆರರಲ್ಲಿ ಅರ್ಜಿದಾರನು ಆಡಿದ "ತುಂಬಾ ಚೆನ್ನಾಗಿದೆ ಸಾರ್" ಎಂಬ ಮಾತು ಸುಳ್ಳೆಂದು ಸ್ವೀಕರಿಸಿ, ಅದಕ್ಕೆ ತಕ್ಕ ಶಿಸ್ತುಕ್ರಮ ಕೈಗೊಳ್ಳಬೇಕು;

(ಆ) ದಿನಕ್ಕೆ ಮುನ್ನೂರ ನಲವತ್ತರಂತೆ ದಾಖಲಾದ ನಗುಗಳನ್ನು ಆತನ ಹೆಸರಿನಿಂದ, ಹೆಸರಿಲ್ಲದ್ದರಿಂದ ಆತನ ನಂಬರಿನಿಂದ, ತೆಗೆದು ಹಲ್ಲಿನ ಕಾಲೇಜಿನ ಖಾತೆಗೆ ವರ್ಗಾಯಿಸಬೇಕು;

(ಇ) ಸೋಮವಾರಕ್ಕೆ ಮುಂಚೆ ಉಗ್ರಾಣದ ಬೀಗ ತೆಗೆಸಿ, ಒಂದೇ ಒಂದು ಸ್ಟೂಲನ್ನು ಗ್ರಂಥಾಲಯದ ಬಾಗಿಲಿಗೆ ಕಳುಹಿಸಬೇಕು. ಎಡಗಾಲು ಮೋಟಾಗಿರುವುದನ್ನೇ ಕಳುಹಿಸಿದರೂ ಆದೀತು, ರಟ್ಟು ಅರ್ಜಿದಾರನ ಬಳಿ ಇದೆ. ಆತನಿಗೆ ಸ್ಟೂಲು ಬೇಕಿಲ್ಲ. ಆತ ನಿಲ್ಲುತ್ತಾನೆ. ಆ ಬಗ್ಗೆ ತಮ್ಮಲ್ಲಿ ಪ್ರಶಸ್ತಿ ಪಡೆದ ಪುರಾವೆಯೇ ಇದೆ.

ಇಂತಿ ತಮ್ಮ ವಿಶ್ವಾಸಿ ಹಾಗೂ ತಮ್ಮ ಅಂಕಿ-ಅಂಶ,

(ಸಹಿ)
ನಾಲ್ಕನೇ ವ್ಯಕ್ತಿ

ಅಡಕಗಳು:
1. ಬಲ ಮೊಣಕಾಲಿನ ಎಕ್ಸ್-ರೇ, ಒಂದು. (ಹೆಂಡತಿಯನ್ನು ಕೇಳದೆ ಬೀರುವಿನಿಂದ ತಂದದ್ದು. ಸಂಜೆಯೊಳಗೆ ವಾಪಸು ಬೇಕು.)
2. ಪ್ರಬಂಧದ ಮುಖಪುಟ, ಫೋಟೋ ಸಹಿತ.
3. ಸೆಟ್ಟು ಕೂರಿಸಿದ ದಿನಾಂಕವಿರುವ ಹಲ್ಲಿನ ಕಾಲೇಜಿನ ಚೀಟಿ.
4. ಮೇಲ್ದವಡೆಯ ಹಲ್ಲಿನ ಸೆಟ್ಟು, ಒಂದು, ಮೂಲ ಪ್ರತಿ. (ತೊಳೆದು ಕರವಸ್ತ್ರದಲ್ಲಿ ಸುತ್ತಿದೆ. ನಕಲು ಇರುವುದಿಲ್ಲ.)

ವಿಶೇಷ ಸೂಚನೆ: ಅಡಕ (4) ಇಲ್ಲದೆ ಅರ್ಜಿದಾರನಿಗೆ ಅಗಿಯಲಾಗದು. ಆದರೂ ಗ್ರಂಥಾಲಯದ ಬಾಗಿಲಿಗೆ ಸ್ಟೂಲು ಹೋಗುವವರೆಗೆ ಅದನ್ನು ಹಿಂದಿರುಗಿಸುವುದು ಬೇಡ. ಈ ಅವಧಿಯಲ್ಲಿ ಆತನ ಎರಡೂ ತುಟಿಗಳು ಪೂರ್ತಿ ಮುಚ್ಚಿರುತ್ತವೆ. ಬೇಕಿದ್ದರೆ ಎಣಿಸಲು ಯಾರನ್ನಾದರೂ ಕಳುಹಿಸಬಹುದು. ಕೂರಲು ಅವರು ತಮ್ಮದೇ ಆಸನ ತರತಕ್ಕದ್ದು.